ಎಂಟು ಲೋಟದ ಲೆಕ್ಕ ಮತ್ತು ನಮ್ಮ ನೀರಡಿಕೆ

(ಏಪ್ರಿಲ್ ತಿಂಗಳ ಒಂದು ಸಂಜೆ ಕಲಬುರಗಿಯ ಓದುಗರ ಬಳಗವೊಂದರಲ್ಲಿ ಊರಿನ ವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ಇಲ್ಲಿಗೆ ಬರುವಾಗ ಮೆಟ್ಟಿಲ ಮೇಲೇ ಹಿರಿಯರೊಬ್ಬರು ತಡೆದು ನಿಲ್ಲಿಸಿದರು. “ಡಾಕ್ಟರೇ, ಭಾಷಣ ಆಮ್ಯಾಲ ಇದ್ದೇ ಅದ. ಮೊದಲ ಒಂದ್ ಮಾತ್ನ್ಯಾಗ ಹೇಳ್ರಿ, ದಿನಕ್ಕ ಎಷ್ಟ್ ಲೀಟರ್ ನೀರ್ ಕುಡೀಬೇಕು?” ಅಂದರು. ಒಂದೇ ಮಾತಿನಲ್ಲಿ ಮುಗಿಯುವಂತಿದ್ದರೆ ನಾನು ಅಲ್ಲೇ ಹೇಳಿ ಮನೆಗೆ ಹೋಗುತ್ತಿದ್ದೆ, ನಿಮಗೂ ಈ ಸೆಖೆಯಲ್ಲಿ ಕೂರುವುದು ತಪ್ಪುತ್ತಿತ್ತು. ಆದರೂ ಕೇಳಿದವರನ್ನು ಒಂದು ತಾಸು ಕಾಯಿಸುವುದು ಸರಿಯಲ್ಲ. ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ, ನೆರಳಲ್ಲಿ ಕೂತು ದುಡಿಯುವ ಗಂಡಸು ನಮ್ಮ ಈ ಏಪ್ರಿಲ್‌ನಲ್ಲಿ 2.5ರಿಂದ 3 ಲೀಟರ್ ಕುಡಿದರೆ ಸಾಕು. ಹೆಂಗಸರಿಗೆ 2ರಿಂದ 2.5. ಚಹಾ, ಮಜ್ಜಿಗೆ, ಅಂಬಲಿ ಎಲ್ಲವೂ ಅದರೊಳಗೇ ಬಂತು. ಡಿಸೆಂಬರ್‌ನಲ್ಲಿ ಇದರಿಂದ ಅರ್ಧ, ಮುಕ್ಕಾಲು ಲೀಟರ್ ಕಳೆಯಿರಿ.

ಹೇಳಿಯಾಯಿತು. ಈ ಅಂಕಿಯನ್ನು ನೀವು ಯಾಕೆ ಪೂರ್ತಿ ನಂಬಬಾರದು ಅನ್ನುವುದನ್ನು ಉಳಿದ ಹೊತ್ತಿನಲ್ಲಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಿವೃತ್ತ ಮಾಸ್ತರರೊಬ್ಬರನ್ನು ಮಗ ನನ್ನ ಬಳಿ ಕರೆದುಕೊಂಡು ಬಂದ. “ಅಪ್ಪ ಎರಡ್ ದಿನದಿಂದ ಏನೇನೋ ಮಾತಾಡಕತ್ಯಾರ್ರಿ” ಅಂದ. ಮಾಸ್ತರರು ಸೊಸೆಯನ್ನು ತೀರಿಹೋದ ತಂಗಿಯ ಹೆಸರಿನಿಂದ ಕರೆಯುತ್ತಿದ್ದರು. ಕುರ್ಚಿಯಲ್ಲಿ ಕೂರಿಸಿದರೆ ಒಂದು ಕಡೆ ವಾಲುತ್ತಿದ್ದರು. ಲಕ್ವ ಹೊಡೆದಿರಬಹುದು ಅಂತ ಮನೆಯವರ ಅಂಜಿಕೆ. ತಲೆಯ ಸ್ಕ್ಯಾನ್ ಮಾಡಿಸಿದೆವು, ಏನೂ ಇರಲಿಲ್ಲ. ರಕ್ತದ ವರದಿ ಬಂತು. ಸೋಡಿಯಂ, ಅಂದರೆ ರಕ್ತದಲ್ಲಿನ ಉಪ್ಪಿನ ಅಂಶ, 135ಕ್ಕಿಂತ ಮೇಲೆ ಇರಬೇಕಾದದ್ದು 116 ಇತ್ತು. ಹೆಂಡತಿಯನ್ನು ಕೂರಿಸಿಕೊಂಡು ಕೇಳಿದೆ, ಮೂರು ವಾರದಿಂದ ಊಟದಲ್ಲಿ ಏನಾದರೂ ಬದಲಾಗಿದೆಯಾ ಅಂತ. ಆಗ ಸಂಗತಿ ಹೊರಬಿತ್ತು. ಮೊಬೈಲಿಗೆ ಯಾರೋ ಒಂದು ಮೆಸೇಜು ಕಳಿಸಿದ್ದರು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನಾಲ್ಕು ಚರಗಿ ನೀರು ಕುಡಿದರೆ ಬಿಪಿ, ಸಕ್ಕರೆ, ಮಲಬದ್ಧತೆ ಎಲ್ಲ ಹೋಗುತ್ತದೆ ಅಂತ ಅದರಲ್ಲಿತ್ತು. ಮಾಸ್ತರರು ಶಿಸ್ತಿನ ಮನುಷ್ಯ. ನಾಲ್ಕು ಚರಗಿ ಬೆಳಿಗ್ಗೆ, ಆಮೇಲೆ ತಾಸಿಗೊಂದು. ಜೊತೆಗೆ ಬಿಪಿ ಇದೆಯೆಂದು ಉಪ್ಪನ್ನೂ ಪೂರ್ತಿ ಬಿಟ್ಟಿದ್ದರು. ಅವರು ತೆಗೆದುಕೊಳ್ಳುತ್ತಿದ್ದ ಬಿಪಿ ಗುಳಿಗೆಯೋ, ಮೂತ್ರದಲ್ಲಿ ಸೋಡಿಯಂ ಹೊರಹಾಕುವ ಜಾತಿಯದು. ಮೂರೂ ಕೂಡಿಕೊಂಡವು.

ನಾಲ್ಕೈದು ದಿನದಲ್ಲಿ ಸರಿಹೋದರು. ಸೋಡಿಯಂ ಬಿದ್ದದ್ದನ್ನು ಗಡಿಬಿಡಿಯಲ್ಲಿ ಏರಿಸಬಾರದು, ಮೆದುಳಿಗೆ ಪೆಟ್ಟು ಬೀಳುತ್ತದೆ. ಅದಕ್ಕೇ ಅಷ್ಟು ದಿನ ಹಿಡಿಯಿತು. ಮನೆಗೆ ಹೋಗುವಾಗ ಕೇಳಿದರು, “ನೀರಿನಿಂದ ಯಾರಿಗಾರ ಕೆಟ್ಟದ್ ಆಗ್ತದೇನ್ರಿ ಡಾಕ್ಟರೇ?” ಕಲಬುರಗಿಯಲ್ಲಿ ಹುಟ್ಟಿ ಬೆಳೆದವರ ಬಾಯಲ್ಲಿ ಆ ಪ್ರಶ್ನೆ ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವುದನ್ನು ಕೊಡ ಸಾಲಿಗಿಟ್ಟು ಕಾದ ಊರಿದು. ಹೆಚ್ಚಾದರೂ ತೊಂದರೆ ಅನ್ನುವುದು ನಮ್ಮ ತಲೆಗೆ ಹೊಳೆಯುವುದೇ ಇಲ್ಲ.

ನಮ್ಮ ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರಿನ ಆಸುಪಾಸು. ಉಳಿದದ್ದೆಲ್ಲ ವಾಪಸ್ ರಕ್ತಕ್ಕೇ. ನೀರು ಕಡಿಮೆ ಸಿಕ್ಕರೆ ಅವು ಬಿಗಿಹಿಡಿದು ಅರ್ಧ ಲೀಟರಿನಲ್ಲೇ ದಿನದ ಕೊಳೆಯನ್ನೆಲ್ಲ ಕರಗಿಸಿ ಹೊರಹಾಕುತ್ತವೆ. ಹೆಚ್ಚು ಸಿಕ್ಕರೆ ಬೆಳ್ಳಗೆ, ತೆಳ್ಳಗೆ ಬಿಡುತ್ತವೆ. ಆದರೆ ಗಟ್ಟಿಮುಟ್ಟಾದ ಕಿಡ್ನಿಯೂ ತಾಸಿಗೆ 800 ಮಿಲಿಲೀಟರಿನಿಂದ ಹೆಚ್ಚೆಂದರೆ ಒಂದು ಲೀಟರ್ ಹೊರಹಾಕಬಲ್ಲದು. ಅದಕ್ಕಿಂತ ವೇಗವಾಗಿ ತುಂಬಿದರೆ ನೀರು ರಕ್ತದಲ್ಲೇ ಉಳಿಯುತ್ತದೆ, ರಕ್ತದ ಸೋಡಿಯಂ ತೆಳುವಾಗುತ್ತದೆ, ಮೆದುಳು ಬಾಯುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 28 ವರ್ಷದ ಓಟಗಾರ್ತಿಯೊಬ್ಬಳು ತೀರಿಕೊಂಡದ್ದು ಹೀಗೆಯೇ. ಅದೇ ಓಟ ಮುಗಿಸಿದವರಲ್ಲಿ 488 ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ನೀರಿಲ್ಲದೆ ಬಿದ್ದಾರು ಅಂತ ದಾರಿಯುದ್ದಕ್ಕೂ ನೀರು ಕೊಟ್ಟಿದ್ದರು, ಇವರು ಕೊಟ್ಟಲ್ಲೆಲ್ಲ ಕುಡಿದಿದ್ದರು.

ಹಾಗಾದರೆ ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕು ಅಂತ ಎಲ್ಲರೂ ಹೇಳುವ ಈ ಲೆಕ್ಕ ಎಲ್ಲಿಂದ ಬಂತು? 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ಒಂದು ಶಿಫಾರಸು ಕೊಟ್ಟಿತು. ದೊಡ್ಡವರಿಗೆ ದಿನಕ್ಕೆ 2.5 ಲೀಟರ್ ನೀರು ಬೇಕು, ತಿನ್ನುವ ಪ್ರತಿ ಕ್ಯಾಲರಿಗೆ ಒಂದು ಮಿಲಿಲೀಟರ್ ಅಂತ ಲೆಕ್ಕ. ಅದರ ಬೆನ್ನಿಗೇ ಇನ್ನೊಂದು ವಾಕ್ಯ ಇತ್ತು, ಇದರಲ್ಲಿ ಬಹುಪಾಲು ನಾವು ತಿನ್ನುವ ಆಹಾರದಲ್ಲೇ ಇರುತ್ತದೆ ಅಂತ. ಮೊದಲ ವಾಕ್ಯ ಊರೂರು ಸುತ್ತಿತು, ಎರಡನೆಯದು ಅಲ್ಲೇ ಉಳಿಯಿತು. ಆ ಶಿಫಾರಸೇ ಎಂಟು ಲೋಟದ ಮೂಲ ಅಂತ ಅನೇಕರು ಹೇಳುತ್ತಾರೆ. 2002ರಲ್ಲಿ ಡಾರ್ಟ್‌ಮತ್ ವೈದ್ಯಕೀಯ ಶಾಲೆಯ ಹೈನ್ಜ್ ವಾಲ್ಟಿನ್ ಎಂಬ ಕಿಡ್ನಿ ತಜ್ಞರು ಎಂಟು ಲೋಟಕ್ಕೆ ಪುರಾವೆ ಹುಡುಕುತ್ತಾ ಹೋದರು. ಆರೋಗ್ಯವಂತರು, ತಂಪಾದ ಹವೆಯಲ್ಲಿರುವವರು, ಕೂತು ಕೆಲಸ ಮಾಡುವವರು ಕಡ್ಡಾಯವಾಗಿ ಎಂಟು ಲೋಟ ನೀರು ಕುಡಿಯಲೇಬೇಕು ಅನ್ನುವುದಕ್ಕೆ ಅವರಿಗೆ ವೈಜ್ಞಾನಿಕ ಆಧಾರ ಸಿಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ‘ತಂಪಾದ ಹವೆ’ ಅಂದೆ. ವಾಲ್ಟಿನ್ ಅವರ ಮಾತನ್ನು ಪೇಪರಿನಲ್ಲಿ ಓದಿ, ಎಂಟು ಲೋಟ ಸುಳ್ಳಂತೆ ಅಂತ ನೀರು ಬಿಟ್ಟವರನ್ನೂ ನಾನು ನೋಡಿದ್ದೇನೆ. ವಾಲ್ಟಿನ್ ಆ ಮಾತು ಆಡಿದ್ದು 43 ಡಿಗ್ರಿಯ ಕಲಬುರಗಿಯ ಬಗ್ಗೆ ಅಲ್ಲ. ನಮ್ಮ ಪಕ್ಕದ ಹೈದರಾಬಾದಿನಲ್ಲೇ ಇರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಸುಮಾರು 8 ಲೋಟ, ಅಂದರೆ 2 ಲೀಟರ್ ಅಂತ ಹೇಳಿ, ಬಿಸಿಲಿನಲ್ಲಿ ಮತ್ತು ಮೈ ಬಗ್ಗಿಸಿ ದುಡಿಯುವಾಗ ಇನ್ನೂ ಬೇಕು ಅನ್ನುತ್ತದೆ. ಅಮೆರಿಕದವರ ಈಗಿನ ಅಂಕಿ ಗಂಡಸಿಗೆ 3.7, ಹೆಂಗಸಿಗೆ 2.7 ಲೀಟರ್. ಯುರೋಪಿನವರದು 2.5 ಮತ್ತು 2. ಅಂಕಿಗಳು ಜಗಳವಾಡುತ್ತಿವೆ ಅನಿಸುತ್ತದೆ. ಆದರೆ ಅಮೆರಿಕ, ಯುರೋಪಿನ ಲೆಕ್ಕದಲ್ಲಿ ಊಟದೊಳಗಿನ ನೀರೂ ಸೇರಿದೆ, ನಮ್ಮವರ ಎರಡು ಲೀಟರಿನಲ್ಲಿ ಬರೀ ಲೋಟದ ನೀರಿದೆ. ಒಬ್ಬರು ತಟ್ಟೆಯನ್ನೂ ಅಳೆದರು, ಇನ್ನೊಬ್ಬರು ಲೋಟವನ್ನಷ್ಟೇ ಅಳೆದರು. 

2022ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಬಂತು. 23 ದೇಶಗಳ 5,604 ಜನ. ಎಂಟು ದಿನದ ಕೂಸಿನಿಂದ 96 ವರ್ಷದ ಮುದುಕರ ತನಕ. ಗುರುತು ಹಿಡಿಯಬಹುದಾದ ಒಂದು ಬಗೆಯ ಭಾರದ ನೀರನ್ನು ಕುಡಿಸಿ, ಅದು ಮೈಯಿಂದ ಎಷ್ಟು ಬೇಗ ಖಾಲಿಯಾಗುತ್ತದೆ ಅಂತ ನೋಡಿದರು. ಒಬ್ಬರಿಗೂ ಇನ್ನೊಬ್ಬರಿಗೂ ಅಂತರ ವಿಪರೀತ. ವಯಸ್ಸು, ತೂಕ, ಹವೆ, ದುಡಿಮೆ ಎಲ್ಲ ಸೇರಿ ಕೆಲವರಿಗೆ ಇನ್ನೊಬ್ಬರ ಎರಡು ಮೂರು ಪಟ್ಟು. ಈ ಸಭೆಯಲ್ಲಿ ಅಕ್ಕಪಕ್ಕ ಕೂತಿರುವ ನಿಮ್ಮಿಬ್ಬರಿಗೇ ಒಂದೇ ಅಂಕಿ ಹೊಂದುವುದಿಲ್ಲ.

ಮತ್ತೆ ಯಾರನ್ನು ಕೇಳಬೇಕು? ಒಳಗೇ ಒಬ್ಬ ಕಾರಕೂನ ಕೂತಿದ್ದಾನೆ. ರಕ್ತ ನೂರಕ್ಕೆ ಒಂದೆರಡು ಪಾಲು ಗಟ್ಟಿಯಾದರೂ ಸಾಕು, ಮೆದುಳಿನ ಬುಡದಲ್ಲಿರುವ ಕಣಗಳಿಗೆ ಸುದ್ದಿ ಮುಟ್ಟುತ್ತದೆ. ಅವು ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನು ಬಿಟ್ಟು ಕಿಡ್ನಿಗೆ ‘ನೀರು ಹಿಡಿ’ ಅನ್ನುತ್ತವೆ. ಅದರ ಹಿಂದೆಯೇ ನಮಗೆ ನೀರಡಿಕೆ ಆಗುತ್ತದೆ. “ನೀರಡಿಕೆ ಆಯ್ತು ಅಂದರೆ ಆಗಲೇ ತಡವಾಯ್ತು” ಅಂತ ಬಾಟಲಿ ನೀರಿನ ಜಾಹೀರಾತಿನ ಧಾಟಿಯಲ್ಲಿ ಹೇಳುವವರಿದ್ದಾರೆ. ನೆರಳಲ್ಲಿ ಕೂತ ಆರೋಗ್ಯವಂತರ ಮಟ್ಟಿಗೆ ಅದು ತಪ್ಪು. ಕಿಡ್ನಿಗೆ, ಮೆದುಳಿಗೆ ಪೆಟ್ಟು ಬೀಳುವುದಕ್ಕೆ ಬಹಳ ಮೊದಲೇ ನೀರಡಿಕೆ ಬಾಗಿಲು ತಟ್ಟಿರುತ್ತದೆ.

ನಮ್ಮ ಮಾತಿನ ಒಂದು ಸೊಗಸು ನೋಡಿ. ಮೈಸೂರು, ಬೆಂಗಳೂರಿನ ಕಡೆ ಬಾಯಾರಿಕೆ ಅಂತಾರೆ. ನಾವು ನೀರಡಿಕೆ ಅಂತೀವಿ. ನನ್ನ ವೃತ್ತಿಗೆ ಎರಡೂ ಪದ ಬೇಕು, ಯಾಕೆಂದರೆ ಎರಡೂ ಬೇರೆ ಬೇರೆ ಸಂಗತಿ. ಬಾಯಿ ಆರುವುದು ಬಾಯಿಯ ಕತೆ. ಹೆಚ್ಚು ಮಾತಾಡಿದರೆ ಆರುತ್ತದೆ, ಈಗ ನನಗೆ ಆಗಿರುವಂತೆ. ಬಾಯಿ ತೆರೆದು ಮಲಗಿದರೆ, ಗುಟ್ಕಾ ಅಗಿದರೆ, ಕೆಲವು ಗುಳಿಗೆ ನುಂಗಿದರೆ ಆರುತ್ತದೆ. ಒಂದು ಗುಟುಕಿನಲ್ಲಿ ಮುಗಿಯುತ್ತದೆ. ನೀರಡಿಕೆ ರಕ್ತದ ಕತೆ. ಅದಕ್ಕೆ ಗುಟುಕು ಸಾಲದು, ಚರಗಿ ಎತ್ತಬೇಕು. ಕುಡಿದಷ್ಟೂ ತೀರದೆ, ರಾತ್ರಿ ನಾಲ್ಕು ಸಲ ಎದ್ದು ಮೂತ್ರಕ್ಕೆ ಹೋಗುವಂತಾದರೆ ಸಕ್ಕರೆ ಪರೀಕ್ಷೆ ಮಾಡಿಸಿ, ಅದು ಆರೋಗ್ಯವಂತರ ನೀರಡಿಕೆ ಅಲ್ಲ.

ಈ ಕಾರಕೂನನಿಗೂ ರಜೆ ಇರುತ್ತದೆ. ಅರವತ್ತು, ಎಪ್ಪತ್ತು ದಾಟಿದವರಲ್ಲಿ ನೀರಡಿಕೆ ಮಂದವಾಗುತ್ತದೆ. ಮುಂದಿನ ಸಾಲಿನಲ್ಲಿ ಕೂತ ಹಿರಿಯರೇ, ನಿಮಗೆ ನಾನು ಹೇಳುವುದು ಬೇರೆ. ನೀರಡಿಕೆಯನ್ನು ಕಾಯಬೇಡಿ. ಎದ್ದಾಗ ಒಂದು ಲೋಟ, ಪ್ರತಿ ಊಟಕ್ಕೆ ಒಂದು, ಗುಳಿಗೆಯ ಜೊತೆ ಪೂರ್ತಿ ಒಂದು ಲೋಟ, ಸಂಜೆ ಚಹಾ, ಹೀಗೆ ದಿನದ ಕೆಲಸಗಳಿಗೆ ಕಟ್ಟಿಕೊಳ್ಳಿ. ಹೃದಯ ದುರ್ಬಲ ಇದ್ದವರು, ಕಿಡ್ನಿ ತೊಂದರೆ ಇದ್ದವರು ಮಾತ್ರ ನಿಮ್ಮ ಡಾಕ್ಟರು ಹೇಳಿದ ಅಳತೆ ಬಿಟ್ಟು ನನ್ನ ಮಾತು ಕೇಳಬೇಡಿ. ಮಕ್ಕಳೂ ಆಟದಲ್ಲಿ ಮರೆಯುತ್ತಾರೆ. ಕೂಸುಗಳ ವಿಷಯ ಒಂದೇ ಮಾತು: ಆರು ತಿಂಗಳ ತನಕ ತಾಯಿಯ ಹಾಲು ಸಾಕು, ಎಷ್ಟೇ ಬಿಸಿಲಿದ್ದರೂ ಬೇರೆ ನೀರು ಬೇಡ. ಆ ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ. ಬಿಸಿಲು ಹೆಚ್ಚಾದರೆ ತಾಯಿಗೆ ಇನ್ನೊಂದು ಚರಗಿ ಕೊಡಿ.

ಈಗ ನಮ್ಮ ಬಿಸಿಲಿಗೆ ಬರೋಣ. ನಾನು ವೈದ್ಯಕೀಯ ಓದಿದ್ದು ಕರಾವಳಿಯಲ್ಲಿ. ಅಲ್ಲಿ 33 ಡಿಗ್ರಿಗೇ ಅಂಗಿ ಹಿಂಡುವಂತಾಗುತ್ತದೆ. ಊರಿಗೆ ಬಂದರೆ 42ರಲ್ಲೂ ಅಂಗಿ ಒಣ. ನಾನು ಎಷ್ಟೋ ಕಾಲ, ನಮ್ಮ ಕಡೆ ಬೆವರು ಕಡಿಮೆ, ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ. ವೈದ್ಯನಾಗಿಯೂ ಅಂದುಕೊಂಡಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಒಂದು ಮೇ ತಿಂಗಳ ಭಾನುವಾರ ಪರೀಕ್ಷೆ ಮಾಡಿ ನೋಡಿದೆ. ಮೂತ್ರಕ್ಕೆ ಹೋಗಿ ಬಂದು ತೂಕ ನೋಡಿಕೊಂಡೆ, 71.4 ಕೆಜಿ. ಹೊಲಕ್ಕೆ ಹೋಗಿ ಒಂದೂವರೆ ತಾಸು ಬದುವಿನ ಮೇಲೆ ತಿರುಗಾಡಿದೆ, ನಡುವೆ ಅರ್ಧ ಲೀಟರ್ ನೀರು ಕುಡಿದೆ. ವಾಪಸ್ ಬಂದು ಮೈ ಒರೆಸಿಕೊಂಡು ತಕ್ಕಡಿ ಏರಿದೆ, 70.6. ಹೋದದ್ದು 800 ಗ್ರಾಂ, ಕುಡಿದ 500 ಸೇರಿಸಿದರೆ 1.3 ಲೀಟರ್. ಅದೂ ಬರೀ ನಡೆದಾಡಿದ್ದಕ್ಕೆ, ಗುದ್ದಲಿ ಹಿಡಿದದ್ದಕ್ಕಲ್ಲ. ಅಂಗಿ ಒಣಗೇ ಇತ್ತು. ಕಳಚಿ ಗೂಟಕ್ಕೆ ಹಾಕುವಾಗ ಕಣ್ಣಿಗೆ ಬಿತ್ತು: ಕಡುನೀಲಿ ಅಂಗಿಯ ಬೆನ್ನ ಮೇಲೆ, ಕಂಕುಳ ಕೆಳಗೆ ಬಿಳಿ ಗೆರೆಗಳು. ಕೆರೆ ಬತ್ತುವಾಗ ದಂಡೆಯ ಮೇಲೆ ಮೂಡುತ್ತವಲ್ಲ, ಹಾಗೆ ಒಂದರ ಕೆಳಗೊಂದು. ನಾಲಿಗೆಗೆ ಮುಟ್ಟಿಸಿದೆ, ಉಪ್ಪು.

ಬೆವರು ಬರಲಿಲ್ಲ ಅಂತ ನಾವು ಅಂದುಕೊಳ್ಳುವುದು ಅದು ಬಂದ ಕ್ಷಣಕ್ಕೇ ಆರಿಹೋಗುವುದರಿಂದ. ಒಣ ಹವೆಯಲ್ಲಿ ಒಂದು ಲೀಟರ್ ಬೆವರು ಆರುವಾಗ ಮೈಯಿಂದ ಸುಮಾರು 580 ಕಿಲೋ ಕ್ಯಾಲರಿ ಕಾವು ತೆಗೆದುಕೊಂಡು ಹೋಗುತ್ತದೆ. ಮನೆಯ ಕೂಲರ್ ತಂಪು ಕೊಡುವುದು ಇದೇ ತತ್ವದ ಮೇಲೆ. ನಮ್ಮ ಚರ್ಮವೇ ಕೂಲರಿನ ಹುಲ್ಲಿನ ಪ್ಯಾಡು. ಟಾಕಿಯಲ್ಲಿ ನೀರು ಮುಗಿದರೆ ಕೂಲರ್ ಬಿಸಿ ಗಾಳಿ ಊದುತ್ತದೆ, ನಿಮಗೆಲ್ಲ ಗೊತ್ತು. ಮನುಷ್ಯನಿಗೆ ಆಗುವುದೂ ಅದೇ. ಬಿಸಿಲಲ್ಲಿ ದುಡಿಯುವವನ ಮೈ ಸುಡುತ್ತಾ, ಮಾತು ತೊದಲಿದರೆ, ದಾರಿ ತಪ್ಪಿದವನಂತೆ ಆಡಿದರೆ ಬಾಯಿಗೆ ನೀರು ಸುರಿಯುತ್ತಾ ಕೂರಬೇಡಿ. ನೆರಳಿಗೆ ಎಳೆದು, ಮೈಮೇಲೆ ಕೊಡಗಟ್ಟಲೆ ನೀರು ಸುರಿದು, ಗಾಳಿ ಹಾಕುತ್ತಾ ಆಸ್ಪತ್ರೆಗೆ ಒಯ್ಯಿರಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಿದರೆ ಅದು ಪುಪ್ಪುಸಕ್ಕೆ ಹೋಗುತ್ತದೆ.

ಏಪ್ರಿಲ್, ಮೇ ಬಂತೆಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಲಬುರಗಿಯ ಬಿಸಿಲನ್ನು ಸರ್ಕಾರವೂ ಒಪ್ಪಿಕೊಂಡಿದೆ ಅಂತಾಯಿತು. ಆದರೆ ಆ ಆದೇಶ ಶಹಾಬಾದಿನ ಕಲ್ಲಿನ ಗಣಿಗೆ ಹೋಗುವುದಿಲ್ಲ. ಇಟ್ಟಂಗಿ ಭಟ್ಟಿಗೂ ಹೋಗುವುದಿಲ್ಲ. ಫರ್ಸಿ ಕಲ್ಲು ಎಬ್ಬಿಸುವವರು, ರಸ್ತೆಗೆ ಡಾಂಬರು ಹಾಕುವವರು ತಾಸಿಗೆ ಒಂದು ಲೀಟರ್ ಬೆವರು ಸುರಿಸುವುದು ದೊಡ್ಡ ಮಾತಲ್ಲ. ಅಂಥವರಿಗೆ ನೀರಡಿಕೆಯೂ ಹಿಂದೆ ಬೀಳುತ್ತದೆ, ಹೋದದ್ದರಲ್ಲಿ ಅರ್ಧವನ್ನಷ್ಟೇ ಕೇಳಿ ಪಡೆಯುತ್ತದೆ. 15, 20 ನಿಮಿಷಕ್ಕೊಂದು ಲೋಟ, ಅಂದರೆ ತಾಸಿಗೆ ಮುಕ್ಕಾಲರಿಂದ ಒಂದು ಲೀಟರ್, ಒಂದೂವರೆ ಲೀಟರ್ ದಾಟದ ಹಾಗೆ. ಇದು ಬಿಸಿಲಲ್ಲಿ ದುಡಿಯುವವರಿಗೆ ಜಗತ್ತಿನ ಬೇರೆ ಕಡೆ ಹೇಳುವ ಅಳತೆ, ನಮಗೂ ಸರಿಹೊಂದುತ್ತದೆ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಹೊತ್ತಿಗೆ ಸರಿಯಾಗಿ ಊಟ, ಉಪ್ಪು ಹಾಕಿದ ಮಜ್ಜಿಗೆ ಬೇಕು.

ಮಜ್ಜಿಗೆ ಅಂದಾಗ ತಟ್ಟೆಯ ಮಾತು ಬಂತು. ಅನ್ನ ಸಾರು ಉಣ್ಣುವವರಿಗೆ ಗೊತ್ತಿಲ್ಲದೆಯೇ ನೀರು ಹೋಗುತ್ತಿರುತ್ತದೆ, ಬೆಂದ ಅನ್ನದಲ್ಲಿ ಮೂರರಲ್ಲಿ ಎರಡು ಪಾಲು ನೀರು. ನಮ್ಮದು ರೊಟ್ಟಿಯ ನಾಡು. ಬುತ್ತಿಗೆ ಕಟ್ಟುವ ಖಡಕ್ ರೊಟ್ಟಿಯಲ್ಲಿ ನೀರಿನ ಅಂಶ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೇಲೆ ಶೇಂಗಾ ಹಿಂಡಿ, ಒಣ ಖಾರ. ಇದನ್ನು ನಮ್ಮ ಅಜ್ಜಿಯಂದಿರು ಲೆಕ್ಕ ಹಾಕದೆಯೇ ತಿಳಿದಿದ್ದರು. ಬ್ಯಾಸಿಗೆ ಬಂದರೆ ಜೋಳದ ನುಚ್ಚು, ಮಜ್ಜಿಗೆ, ಅಂಬಲಿ, ಹಸಿ ಉಳ್ಳಾಗಡ್ಡಿ ಮನೆಯೊಳಗೆ ಬರುತ್ತಿದ್ದವು. ನನ್ನ ಅಜ್ಜಿ ಅಂಬಲಿಯ ಗಡಿಗೆಯನ್ನು ಒದ್ದೆ ಅರಿವೆ ಸುತ್ತಿ ಪಡಸಾಲೆಯ ಮೂಲೆಯಲ್ಲಿಡುತ್ತಿದ್ದಳು. ಮಧ್ಯಾಹ್ನ ಯಾರೇ ಬಂದರೂ “ಮೊದಲ ಒಂದ್ ಬಟ್ಟಲ ಕುಡಿ, ಆಮ್ಯಾಲ ಮಾತಾಡು” ಅನ್ನುತ್ತಿದ್ದಳು. ಒಂದು ಬಟ್ಟಲು ಅಂಬಲಿಯಲ್ಲಿ ನೀರು, ಉಪ್ಪು, ಹಿಟ್ಟು ಮೂರೂ ಇತ್ತು. ವಾಂತಿಭೇದಿಗೆ ಕೊಡುವ ಓಆರ್‌ಎಸ್ ಕೂಡ ನೀರು, ಉಪ್ಪು, ಸಕ್ಕರೆಯ ಹದವೇ. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಸಲೈನ್ ಮುಗಿದಾಗ ದಿಲೀಪ್ ಮಹಲನಬಿಸ್ ಅನ್ನುವ ವೈದ್ಯರು ಡ್ರಮ್ಮಿನಲ್ಲಿ ಆ ದ್ರಾವಣ ಕಲಸಿಟ್ಟು, ರೋಗಿಗಳ ಮನೆಯವರಿಂದಲೇ ಕುಡಿಸಿ ಸಾವಿರಾರು ಜೀವ ಉಳಿಸಿದರು. 2023ರಲ್ಲಿ, ಅವರು ತೀರಿಕೊಂಡ ಮೇಲೆ, ಪದ್ಮವಿಭೂಷಣ ಬಂತು. ದಿನಾ ಆರಾಮಾಗಿರುವವರು ಓಆರ್‌ಎಸ್ ಪೊಟ್ಟಣ ಕುಡಿಯಬೇಕಿಲ್ಲ, ಅದು ಶರಬತ್ತಲ್ಲ.

ಚಹಾ ಲೆಕ್ಕಕ್ಕೆ ಬರುತ್ತದಾ ಅಂತ ಚೀಟಿ ಬಂದಿದೆ. ಬರುತ್ತದೆ. ದಿನಾ ಕುಡಿಯುವವರಿಗೆ ಎರಡು ಮೂರು ಕಪ್ಪು ಚಹಾ ನೀರಿನಂತೆಯೇ. ಸಕ್ಕರೆಯ ಲೆಕ್ಕ ಬೇರೆ ಇಡಿ. ನಿಂತು ನೀರು ಕುಡಿದರೆ ಮೊಣಕಾಲು ಹೋಗುತ್ತದಾ? ಇಲ್ಲ. ಊಟದ ನಡುವೆ ಕುಡಿಯಬಾರದಾ? ಕುಡಿಯಿರಿ, ಖಡಕ್ ರೊಟ್ಟಿ ತಿನ್ನುವವರು ಕುಡಿಯದೆ ಇನ್ನೇನು ಮಾಡುತ್ತಾರೆ. ಹೆಚ್ಚು ಕುಡಿದರೆ ಮುಖ ಹೊಳೆಯುತ್ತದಾ ಅಂತಲೂ ಇದೆ, ಅಕ್ಷರ ನೋಡಿದರೆ ಕಾಲೇಜಿನವರು. ಹೊಳೆಯುವುದಿಲ್ಲಮ್ಮ.

ಆದರೆ ಹೆಚ್ಚು ನೀರು ಔಷಧಿಯೇ ಆಗುವ ಎರಡು ಸಂದರ್ಭಗಳಿವೆ. ಒಂದು ಕಿಡ್ನಿಯ ಹರಳು. ನಮ್ಮ ಕಡೆ ಬೇಸಿಗೆಯಲ್ಲಿ ಸೊಂಟ ಹಿಡಿದುಕೊಂಡು, ಬೆವರುತ್ತಾ, ಕೂರಲೂ ಆಗದೆ ನಿಲ್ಲಲೂ ಆಗದೆ ಬರುವವರನ್ನು ಬಾಗಿಲಲ್ಲೇ ನೋಡಿ ಗುರುತಿಸುತ್ತೇವೆ. ಇಟಲಿಯಲ್ಲಿ ಮೊದಲ ಸಲ ಹರಳಾದ 199 ಜನರನ್ನು ಐದು ವರ್ಷ ಹಿಂಬಾಲಿಸಿ 1996ರಲ್ಲಿ ವರದಿ ಕೊಟ್ಟರು. ಹೆಚ್ಚು ನೀರು ಕುಡಿಸಿದವರಲ್ಲಿ ನೂರಕ್ಕೆ 12 ಜನರಿಗೆ ಮತ್ತೆ ಹರಳಾಯಿತು, ಉಳಿದವರಲ್ಲಿ 27 ಜನರಿಗೆ. ಹರಳಾದವರಿಗೆ ನಾವು ಕುಡಿಯುವ ಅಳತೆ ಹೇಳುವುದಿಲ್ಲ, ಹೊರಬರುವ ಅಳತೆ ಹೇಳುತ್ತೇವೆ: ದಿನಕ್ಕೆ 2.5 ಲೀಟರ್ ಮೂತ್ರ. ಅದಕ್ಕಾಗಿ ಚಳಿಗಾಲದಲ್ಲಿ 3 ಲೀಟರ್ ಸಾಕಾಗಬಹುದು, ಈಗ 4 ಬೇಕಾಗಬಹುದು. ಒಂದು ಭಾನುವಾರ ಹಳೇ ಲೀಟರ್ ಬಾಟಲಿ ಇಟ್ಟುಕೊಂಡು ಅಳೆದು ನೋಡಿ ಅಂತ ನಾನು ಹೇಳುತ್ತೇನೆ. ಎಲ್ಲರೂ ಮುಖ ಕಿವುಚುತ್ತಾರೆ, ಅಳೆದವರು ಮಾತ್ರ ಮುಂದಿನ ಸಲ ತಮ್ಮ ಅಂಕಿ ಹೇಳುತ್ತಾ ಬರುತ್ತಾರೆ.

ಅಳೆಯಲು ಆಗದ ಉಳಿದವರಿಗೆ ಬಣ್ಣ ಇದೆ. ಮೂತ್ರ ತಿಳಿ ಹಳದಿ ಇದ್ದರೆ, ನಿಂಬೆ ಶರಬತ್ತಿನ ಹಾಗೆ, ಸರಿ ಇದೆ. ಚಹಾದ ಡಿಕಾಕ್ಷನ್ ಹಾಗಿದ್ದರೆ ಕುಡಿಯಿರಿ. ದಿನವಿಡೀ ನಲ್ಲಿ ನೀರಿನಂತೆ ಇದ್ದರೆ ಸ್ವಲ್ಪ ಕಡಿಮೆ ಮಾಡಿ. ಬಿ ಕಾಂಪ್ಲೆಕ್ಸ್ ಗುಳಿಗೆ ತಿಂದ ದಿನ ಗಾಢ ಹಳದಿ ಬರುತ್ತದೆ, ಅದಕ್ಕೆ ಅಂಜಬೇಡಿ. ಕುಡಿದರೂ ಕಂದು ಬಣ್ಣ ಹೋಗದಿದ್ದರೆ ಕಾಮಾಲೆಯೇನೋ ಅಂತ ನೋಡಿಸಿ.

ಹೆಚ್ಚು ನೀರು ಔಷಧಿಯಾಗುವ ಎರಡನೆಯ ಸಂದರ್ಭ ಹೆಂಗಸರ ಉರಿಮೂತ್ರ. ಪದೇ ಪದೇ ಉರಿಮೂತ್ರ ಬರುವ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುವ 140 ಹೆಂಗಸರ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ದಿನಾ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಸಿದರು. ಆ ವರ್ಷ ಅವರಿಗೆ ಉರಿಮೂತ್ರ ಸರಾಸರಿ 1.7 ಸಲ ಬಂತು, ಹಾಗೆ ಕುಡಿಸದ ಉಳಿದ ಅರ್ಧ ಜನರಿಗೆ 3.2 ಸಲ. ಈ ಅಧ್ಯಯನವನ್ನು ಓದಿದ ಹುರುಪಿನಲ್ಲಿ ನಾನು ಬಸ್ ಕಂಡಕ್ಟರ್ ಆಗಿರುವ ಒಬ್ಬ ಹೆಣ್ಣುಮಗಳಿಗೆ, ವರ್ಷದಲ್ಲಿ ನಾಲ್ಕನೇ ಸಲ ಬಂದವಳಿಗೆ, “ನೀರು ಕುಡೀರಿ, ಮೂರು ಲೀಟರ್ ಕುಡೀರಿ” ಅಂತ ಉಪದೇಶ ಮಾಡಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು. “ಸರ್, ಕುಡೀತೀನಿ. ಎಲ್ಲಿ ಹೋಗ್ಲಿ?”

ಬೆಳಿಗ್ಗೆ ಆರಕ್ಕೆ ಹೊರಡುವ ಬಸ್ಸು. ಒಂದೊಂದು ಸುತ್ತು ಮೂರು ತಾಸು. ಗಂಡಸು ಡ್ರೈವರ್ ಒಂದು ಬೇಲಿ ಮರೆ ನೋಡಿಕೊಳ್ಳುತ್ತಾನೆ. ಇವಳು ಬೆಳಿಗ್ಗೆ ಅರ್ಧ ಕಪ್ಪು ಚಹಾ ಕುಡಿದು ಹೊರಟರೆ ಮಧ್ಯಾಹ್ನ ಎರಡರ ತನಕ ಬಾಟಲಿಯ ಮುಚ್ಚಳ ತೆಗೆಯುವುದಿಲ್ಲ. ಬಾಯಿ ಒಣಗಿದರೆ ಬಾಯಿ ಮುಕ್ಕಳಿಸಿ ಉಗುಳುತ್ತಾಳಂತೆ. ನಾನು ಅಷ್ಟು ಹೊತ್ತು ಹೇಳಿದ ವಿಜ್ಞಾನವನ್ನು ಅವಳು ಎರಡು ಶಬ್ದದಲ್ಲಿ ಕಟ್ಟಿಟ್ಟಳು. ಅಂದಿನಿಂದ ನಾನು ಉರಿಮೂತ್ರ ಅಂತ ಬಂದ ಹೆಣ್ಣುಮಕ್ಕಳಿಗೆ ಎಷ್ಟು ಕುಡಿಯುತ್ತೀರಿ ಅಂತ ಮೊದಲು ಕೇಳುವುದಿಲ್ಲ, ಕೆಲಸದ ಜಾಗದಲ್ಲಿ ಶೌಚಾಲಯ ಇದೆಯಾ ಅಂತ ಕೇಳುತ್ತೇನೆ. ಬಟ್ಟೆ ಅಂಗಡಿಯಲ್ಲಿ ನಿಲ್ಲುವವರು, ಹೊಲಕ್ಕೆ ಕಳೆ ತೆಗೆಯಲು ಹೋಗುವವರು, ಪೊಲೀಸ್ ಬಂದೋಬಸ್ತಿಗೆ ನಿಂತ ಹುಡುಗಿಯರು, ಎಲ್ಲರದೂ ಅದೇ ಉತ್ತರ.

ಶಾಲೆಯಲ್ಲೂ ಅದೇ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯುವುದು ಶುರುವಾಯಿತು, ‘ವಾಟರ್ ಬೆಲ್’ ಅಂತ. ನಮ್ಮ ರಾಜ್ಯದಲ್ಲೂ ಅದನ್ನು ತಂದರು. ಒಳ್ಳೆಯ ಯೋಚನೆ. ಒಂದು ಹಳ್ಳಿಯ ಶಾಲೆಗೆ ಆರೋಗ್ಯ ತಪಾಸಣೆಗೆ ಹೋದಾಗ ಗಂಟೆ ಹೊಡೆದದ್ದನ್ನು ಕಣ್ಣಾರೆ ನೋಡಿದೆ. ಹುಡುಗರು ಗಟಗಟ ಕುಡಿದು ಉಳಿದದ್ದನ್ನು ಒಬ್ಬರ ಮೇಲೊಬ್ಬರು ಚೆಲ್ಲಿಕೊಂಡರು. ಎಂಟನೇ ತರಗತಿಯ ಹುಡುಗಿಯರು ಬಾಟಲಿ ಎತ್ತಿದರು, ತುಟಿ ಒದ್ದೆ ಮಾಡಿಕೊಂಡರು, ಮುಚ್ಚಳ ತಿರುಗಿಸಿ ಕೆಳಗಿಟ್ಟರು. ಮೇಡಂ ಕಡೆ ನೋಡಿದೆ. ಅವರು ಕಿಟಕಿಯ ಆಚೆ ಕೈ ತೋರಿಸಿದರು. ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ, ಹಗ್ಗ ಕಟ್ಟಿತ್ತು.

ಇನ್ನೊಂದು ಚೀಟಿ ಯಾದಗಿರಿಯವರದು. “ನೀವು ಕುಡೀರಿ ಅಂತೀರಿ, ನಮ್ಮೂರ ಬೋರಿನ ನೀರ ಕುಡೀಬೇಕೋ ಬ್ಯಾಡೋ?” ಸರಿಯಾದ ಪ್ರಶ್ನೆ. ಯಾದಗಿರಿ, ಕಲಬುರಗಿಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಯಾದಗಿರಿಯ ಕೆಲವು ಕಡೆ ಆರ್ಸೆನಿಕ್ ಕೂಡ ಸಿಕ್ಕಿದೆ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಕಾಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಂಥ ಊರಲ್ಲಿ ಹೆಚ್ಚು ಕುಡಿಯಿರಿ ಅನ್ನುವುದು ಹೆಚ್ಚು ಫ್ಲೋರೈಡ್ ಕುಡಿಯಿರಿ ಅಂದಂತೆ. ಪಂಚಾಯಿತಿಯವರಿಂದ ಪರೀಕ್ಷೆ ಮಾಡಿಸಿ, ಅದರ ಚೀಟಿ ಕೇಳಿ ಪಡೆಯಿರಿ. ಕುಡಿಯುವುದಕ್ಕೆ, ಅಡಿಗೆಗೆ ಮಾತ್ರ ಶುದ್ಧ ಘಟಕದ ನೀರು ತನ್ನಿ, ಉಳಿದದ್ದಕ್ಕೆ ಬೋರು ಇರಲಿ. ಬೀದರಿನಲ್ಲಿ ಬಹಮನಿ ಕಾಲದವರು ನೆಲದೊಳಗೆ ಸುರಂಗ ತೋಡಿ, ಇಳಿಜಾರಿನಲ್ಲಿ ನೀರು ತಾನೇ ಹರಿದು ಬರುವಂತೆ ಕಾರೇಜ್ ಕಟ್ಟಿದ್ದರು. ನೌಬಾದಿಗೆ ಹೋದರೆ ಈಗಲೂ ಅದರ ಬಾವಿಯ ಬಾಯಿಗಳು ಕಾಣುತ್ತವೆ. ಬಿಸಿಲಿಗೆ ಆರದ ಹಾಗೆ ನೀರನ್ನು ನೆರಳಲ್ಲೇ ನಡೆಸಿಕೊಂಡು ಬಂದ ಜನ. ನಾವು ಐನೂರು ವರ್ಷದ ಮೇಲೆ ಸಾವಿರ ಅಡಿ ಕೊರೆದು ಫ್ಲೋರೈಡ್ ಎತ್ತುತ್ತಿದ್ದೇವೆ.

ಹಿಂದೆ ಕೂತಿರುವ ರೈತರೊಬ್ಬರು ಆಗಿನಿಂದ ಕೈ ಎತ್ತುತ್ತಿದ್ದಾರೆ, ಕೇಳಿ ಯಜಮಾನರೇ. “ತೊಗರಿ ಹೊಲಕ್ಕ ಹತ್ತ್ ಆಳ್ ಕರಕೊಂಡ್ ಹೋಗ್ತೀನ್ರಿ. ನೀರ್ ಎಷ್ಟ್ ಒಯ್ಯಬೇಕು?” ಇಡೀ ಸಂಜೆಯಲ್ಲಿ ಅಂಕಿಯಲ್ಲೇ ಉತ್ತರ ಕೊಡಬಹುದಾದ ಪ್ರಶ್ನೆ ಇದೊಂದೇ. ಬೆಳಿಗ್ಗೆ ಎಂಟರಿಂದ ಎರಡರ ತನಕ ಆರು ತಾಸು. ಒಬ್ಬರಿಗೆ ತಾಸಿಗೆ ಮುಕ್ಕಾಲು ಲೀಟರ್. ಹತ್ತು ಜನಕ್ಕೆ 45 ಲೀಟರ್. ನಿಮ್ಮ ಪ್ಲಾಸ್ಟಿಕ್ ಕೊಡ 15 ಲೀಟರಿನದಾದರೆ ಮೂರು ಕೊಡ, ಕೈ ತೊಳೆಯಲು, ಚೆಲ್ಲಲು ಇನ್ನೊಂದು. ಬದುವಿನ ಆ ತುದಿಯಲ್ಲಿ ಬೇವಿನ ಗಿಡದ ಕೆಳಗೆ ಎಲ್ಲವನ್ನೂ ಇಡಬೇಡಿ, ಸಾಲು ಬಿಟ್ಟು ಅಷ್ಟು ದೂರ ನಡೆಯಲು ಆಳುಗಳಿಗೆ ನಿಮ್ಮ ಮುಖ ನೋಡಬೇಕಾಗುತ್ತದೆ. ಒಂದು ಕೊಡ ಕೆಲಸ ಮಾಡುವ ಸಾಲಿನ ಹತ್ತಿರವೇ ಸಾಗುತ್ತಾ ಇರಲಿ, ಲೋಟ ಎರಡಿರಲಿ. ಹೆಣ್ಣಾಳು ಇದ್ದರೆ ಹೊಲದ ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟು ಹಳೇ ಸೀರೆಯೋ ತಾಡಪಾಲೋ ಕಟ್ಟಿ. ಹನ್ನೊಂದಕ್ಕೆ ಮಜ್ಜಿಗೆ ಕಳಿಸಲು ಮನೆಯಲ್ಲಿ ಹೇಳಿ ಬನ್ನಿ, ಉಪ್ಪು ನಾಲಿಗೆಗೆ ತಾಗುವಷ್ಟು.